ಚೊಗರಿಗೆ ಹಾಕಿದ ಬಲೆ

ಮಾಷ್ಟ್ರ ಮೂಗಿನ ತುದಿಯಲ್ಲಿ ಯಾವಾಗಲೂ ಒಂದು ನೀಲಿ ಕಲೆ. ಬಣ್ಣ ಹಾಕಿದ ಗಾಜಿನ ಕೊಳವೆಯ ಬಾಯಿಗೆ ಮೂಗು ತಾಗಿಸಿ ನೋಡಿ ನೋಡಿ ಬಂದದ್ದು, ಸಾಬೂನಿಗೆ ಹೋಗುತ್ತಿರಲಿಲ್ಲ. ಅದೇ ಮೂಗು ಹೊತ್ತುಕೊಂಡು ಕಾಲೇಜಿಗೆ ಪಾಠ ಮಾಡಲಿಕ್ಕೆ ಹೋಗುವರು. "ಒರೆಸಿಕೊಳ್ಳಿ ಮಾಷ್ಟ್ರೆ" ಅಂದರೆ, "ಮೂಗು ಉಂಟಲ್ಲ, ಸಾಕು" ಅನ್ನುವರು.

ಎರಡನೇ ಮಹಾಯುದ್ಧಕ್ಕೆ ಮೊದಲಿನ ಮಾತು. ನಮ್ಮದು ಬೋಳೂರಿನಲ್ಲಿ ಮೀನು ಹಿಡಿಯುವ ಮನೆ. ಗಂಡ ಕಡಲಿಗೆ ಹೋಗುವವ, ನಾನು ಮಾಷ್ಟ್ರ ಬಾಡಿಗೆ ಮನೆಯಲ್ಲಿ ಗುಡಿಸಿ ಸಾರಿಸುವವಳು. ಅವರಿಗೆ ಹೆಂಡತಿ ಮಕ್ಕಳಿಲ್ಲ. ಇದ್ದದ್ದು ಒಂದು ದೊಡ್ಡ ಮರದ ಹರಿವಾಣ, ಅದರ ತುಂಬ ಹೊನ್ನೆಕಾಯಿ.

ಹೊನ್ನೆ ಕಡಲ ಬದಿಯ ಮರ. ಅದರ ಕಾಯಿ ಗೋಲಿಯ ಹಾಗೆ ಉರುಟು, ಗಟ್ಟಿ. ನಡುವಿನ ಒಂದಕ್ಕೆ ಕೆಂಪು ಬಳಿದು ಇಡುವುದು, ಹರಿವಾಣವನ್ನು ನಾನು ಅಲುಗಾಡಿಸುವುದು, ಕೆಂಪು ಎಷ್ಟು ದೂರ ಸರಿಯಿತೆಂದು ಅವರು ಅಳೆದು ಬರೆಯುವುದು. ಬದಿಯಲ್ಲಿ ಕೊಳವೆಯೊಳಗೆ ಬೆಂಜೀನ್ ಅಂತ ಒಂದು ನಾರುವ ದ್ರವ. ಅದರಲ್ಲಿ ಒಂದು ಹನಿ ಬಣ್ಣ ಮೆಲ್ಲ ಹರಡುತ್ತಾ ಇರುವುದು. ದ್ರವದೊಳಗಿನ ಕಣ್ಣಿಗೆ ಕಾಣದ ಕಣ ಹೇಗೆ ಓಡಾಡುತ್ತದೆಂದು ಕಾಯಿಯಲ್ಲಿ ತೋರಿಸುವುದು ಅವರ ಹಟ, ಅದಕ್ಕೆ ಎರಡೂ ಹೊಂದಬೇಕು.

"ನೀರಾದರೆ ಆಗದಾ?" ಕೇಳಿದೆ.

"ನೀರಿನ ಕಣ ಒಂದಕ್ಕೊಂದು ಕೈ ಹಿಡಿದುಕೊಳ್ತದೆ, ತಕರಾರು. ಇದು ಸಾಧು. ಬಡಿಯುವುದು, ಸರಿಯುವುದು, ಅಷ್ಟೇ. ನಿನ್ನ ಹೊನ್ನೆಕಾಯಿ ಹಾಗೆ."

ಮದರಾಸಿನ ಒಬ್ಬ ದೊಡ್ಡ ಪ್ರೊಫೆಸರರಿಂದ ಕಾಗದ ಬಂದಿತ್ತು. ತಣ್ಣಗಿನ ದ್ರವಕ್ಕೆ ನಿಮ್ಮ ಕಾಯಿ ಹೊಂದುತ್ತದೆ, ಬಿಸಿಗೆ ಹೊಂದುವುದಿಲ್ಲ, ರಜೆ ಮುಗಿಯುವುದರೊಳಗೆ ಹೊಂದಿಸಿದರೆ ನನ್ನ ಹತ್ತಿರ ಬನ್ನಿ, ಇಲ್ಲವಾದರೆ ಬಿಟ್ಟುಬಿಡಿ, ಅಂತ. ಮಾಷ್ಟ್ರು ಆ ಕಾಗದವನ್ನು ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ತಿರುಗುವರು.

ಬಿಸಿ ಅಂದರೆ ಜೋರಾಗಿ ಅಲುಗಾಡಿಸುವುದು. ಎಷ್ಟು ಜೋರು ಅಂತ ಅವರು ಗಡಿಯಾರ ಹಿಡಿದು ಹೇಳುವರು. ನನ್ನ ರಟ್ಟೆ ಬಿದ್ದುಹೋಯಿತು. ಬಿಸಿ ಕೊಳವೆಯಲ್ಲಿ ಬಣ್ಣ ಓಡಿದಷ್ಟು ಕೆಂಪು ಕಾಯಿ ಓಡಲೇ ಇಲ್ಲ.

ಅಷ್ಟರಲ್ಲಿ ಕಾಯಿಗಳಿಗೆ ಹುಳ ಹಿಡಿಯಿತು. ಬಣ್ಣ ಬಳಿದದ್ದು ಒಂದು ಮಾತ್ರ ಉಳಿಯಿತು, ಅದನ್ನು ಕಪಾಟಿನಲ್ಲಿಟ್ಟೆ. ಹೊಸದು ಹೆಕ್ಕಿ ತಂದು ನಾನೇ ಆರಿಸಿದೆ. ಆರಿಸಲಿಕ್ಕೆ ಎರಡು ಬಲೆ ತುಂಡು ಇತ್ತು. ದೊಡ್ಡ ಕಣ್ಣಿನದ್ದರಲ್ಲಿ ಬೀಳಬೇಕು, ಸಣ್ಣ ಕಣ್ಣಿನದ್ದರಲ್ಲಿ ನಿಲ್ಲಬೇಕು, ಅಂಥದ್ದೇ ಕಾಯಿ. ಮಾರನೇ ದಿನ ಹೊಸದೊಂದಕ್ಕೆ ಕೆಂಪು ಬಳಿದು ಬಿಸಿಯ ಲೆಕ್ಕಕ್ಕೆ ಕೂತೆವು. ಸರಿ ಹೊಂದಿತು!

"ಬಂತು ಮಾರಾಯ್ತಿ, ಬಂತು!" ಮಾಷ್ಟ್ರು ಪಂಚೆ ಎತ್ತಿಕಟ್ಟಿ ಅಂಗಳದಲ್ಲಿ ಎರಡು ಸುತ್ತು ಓಡಿದರು. ಕೂತು ಮದರಾಸಿಗೆ ಬರೆದು ಲಕೋಟೆ ಅಂಟಿಸಿದರು.

ಮರುದಿನ ಕಪಾಟು ಒರೆಸುವಾಗ ಆ ಹಳೆಯ ಕೆಂಪು ಕಾಯಿ ಸಿಕ್ಕಿತು. ಸುಮ್ಮನೆ ದೊಡ್ಡ ಕಣ್ಣಿನ ಬಲೆಗೆ ಹಾಕಿದೆ. ಬೀಳಲಿಲ್ಲ. ಒತ್ತಿದೆ. ಇಲ್ಲ. ಆಗ ಗೊತ್ತಾಯಿತು. ಹಿಂದಿನ ವಾರ ಮನೆಯಲ್ಲಿ ಮರದ ಚಕ್ಕೆ ಕುದಿಸಿ, ಆ ಒಗರು ನೀರಿಗೆ, ಅಂದರೆ ಚೊಗರಿಗೆ, ಬಲೆಗಳನ್ನೆಲ್ಲ ಹಾಕಿದ್ದೆವು. ಹಾಗೆ ಹಾಕದಿದ್ದರೆ ಹತ್ತಿ ನೂಲು ಕೊಳೆಯುತ್ತದೆ. ಮಾಷ್ಟ್ರ ತುಂಡುಗಳನ್ನೂ ಅದೇ ಹಂಡೆಗೆ ಹಾಕಿದ್ದೆ. ಬೆಂದ ಬಲೆ ಕುಗ್ಗುತ್ತದೆ, ಕಣ್ಣು ಕಿರಿದಾಗುತ್ತದೆ. ಹೊಸ ಕಾಯಿಗಳೆಲ್ಲ ಒಂದು ಕೂದಲು ಸಣ್ಣ.

ಲಕೋಟೆ ಮೇಜಿನ ಮೇಲೇ ಇತ್ತು. ಬಾಯಿ ಮುಚ್ಚಿದ್ದರೆ ಅದು ಅಂಚೆಗೆ ಹೋಗುತ್ತಿತ್ತು. ನಾನು ಹೇಳಿಬಿಟ್ಟೆ.

ಮಾಷ್ಟ್ರ ಮುಖ ಬೂದಿ. "ಬೇಯಿಸಲಿಕ್ಕೆ ಯಾರು ಹೇಳಿದ್ದು ನಿನಗೆ?"

"ಬಲೆ ಅಂದ ಮೇಲೆ ಚೊಗರಿಗೆ ಹಾಕುವುದೇ. ನೀವು ಮೀಯಲಿಕ್ಕೆ ಯಾರನ್ನಾದರೂ ಕೇಳ್ತೀರಾ?"

ಅವರು ಲಕೋಟೆ ಹರಿದರು. ನಾನು ಕೆಲಸ ಹೋಯಿತು ಅಂತಲೇ ಎಣಿಸಿ ಗುಡಿಸುವ ಹಿಡಿಸೂಡಿ ಮೂಲೆಗಿಟ್ಟೆ. "ಎಲ್ಲಿಗೆ? ಅಲುಗಾಡಿಸು, ಮೆಲ್ಲ" ಅಂದರು. ಸಣ್ಣ ಕಾಯಿ ತಣ್ಣಗಿನ ಲೆಕ್ಕಕ್ಕೆ ಹೊಂದಲಿಲ್ಲ, ದೂರ ಓಡಿತು. ತಣ್ಣಗಿದ್ದದ್ದಕ್ಕೆ ದೊಡ್ಡದು, ಬಿಸಿಗೆ ಸಣ್ಣದು. ಮಾಷ್ಟ್ರು ಎರಡು ಕಾಯಿ ಎರಡು ಕೈಯಲ್ಲಿ ಹಿಡಿದು ಒಂದಕ್ಕೊಂದು ಬಡಿದು ಬಡಿದು ನೋಡಿದರು. ಗಂಜಿ ತಣಿಯಿತು.

"ಕಣ ನಿಜಕ್ಕೂ ಕಲ್ಲಿನ ಹಾಗಲ್ಲ. ಬಿಸಿಯಲ್ಲಿ ಜೋರಾಗಿ ಬಂದು ಬಡಿದರೆ ಒಂದರ ಒಳಗೆ ಒಂದು ಸ್ವಲ್ಪ ಹೋಗ್ತದೆ. ಗಟ್ಟಿ ಗೋಲಿ ಅಂತ ಎಣಿಸುವುದಾದರೆ ಬಿಸಿಯಲ್ಲಿ ಗೋಲಿಯನ್ನು ಸಣ್ಣ ಮಾಡಬೇಕು. ನಾನು ಓದಿದವ, ಎಲ್ಲದಕ್ಕೂ ಒಂದೇ ಕಾಯಿ ಇಟ್ಟುಕೊಂಡು ಕೂತಿದ್ದೆ ನೋಡು."

ಕಾಗದ ಮತ್ತೆ ಬರೆದರು. ಚೊಗರಿನ ಸಂಗತಿಯನ್ನೂ ಮುಚ್ಚಿಡದೆ ಬರೆದರು. ಆ ದಿನದ ಲೆಕ್ಕ ಬರೆದ ಪುಸ್ತಕಕ್ಕೆ ಅಲುಗಾಡಿಸಿದವರ ಸಹಿ ಬೇಕೆಂದರು. ಹೆಬ್ಬೆಟ್ಟು ಚಾಚಿದೆ. "ಅದು ಆಗುವುದಿಲ್ಲ" ಅಂತ ಸ್ಲೇಟು ತಂದಿಟ್ಟರು. ಒಂದು ಸಹಿಗೆ ಹದಿನೈದು ದಿನ ಹಿಡಿಯಿತು. ಉಳಿದ ಅಕ್ಷರವೆಲ್ಲ ಮದರಾಸಿನ ಉತ್ತರ ಬರುವ ತನಕ ಕಲಿತದ್ದು.

ಬನ್ನಿ ಅಂತ ಉತ್ತರ ಬಂತು. ಮಾಷ್ಟ್ರು ಹೋದರು. ಯುದ್ಧ ಮುಗಿಯುವ ಮೊದಲೇ ಅಲ್ಲಿ ವಿಷಮಶೀತ ಜ್ವರದಲ್ಲಿ ತೀರಿಕೊಂಡರು. ತಿಳಿಸಿದ ಕಾರ್ಡನ್ನು ಅಂಚೆಯವ ಓದಲಿಕ್ಕೆ ಹೊರಟ. "ಇಲ್ಲಿ ಕೊಡು" ಅಂತ ಕಸಿದು ನಾನೇ ಓದಿದೆ.