ಸಿದ್ದರಾಜಣ್ಣನ ಕ್ಯಾನು

ನಾನು ಮಾಡಿದ ತಪ್ಪಿಗೆ ಸಿದ್ದರಾಜಣ್ಣ ನನ್ನಲ್ಲಿ ಕ್ಷಮೆ ಕೇಳಿದರು. ನಾನು ಕ್ಷಮಿಸಿಬಿಟ್ಟೆ.

ಕಳೆದ ತಿಂಗಳು, ನಂಜನಗೂಡಿನ ಬಸ್ ನಿಲ್ದಾಣದಲ್ಲಿ, ಬೆಳಗ್ಗೆ ಹನ್ನೊಂದರ ಬಿಸಿಲಲ್ಲಿ ನಿಂತು ‘ಇರಲಿ ಬಿಡಿ ಅಣ್ಣ, ಹಳೇದು’ ಅಂದೆ. ಆ ಮಾತು ನನ್ನ ಬಾಯಿಂದ ಅಷ್ಟು ಸಲೀಸಾಗಿ ಹೇಗೆ ಬಂತು — ಅದನ್ನೇ ಅಂದಿನಿಂದ ಕೇಳಿಕೊಳ್ಳುತ್ತಿದ್ದೇನೆ. ಉತ್ತರ ಗೊತ್ತಿದೆ. ಗೊತ್ತಿದ್ದೂ ಕೇಳಿಕೊಳ್ಳುತ್ತಿದ್ದೇನೆ.

ಊರಾಚೆಯ ಸಣ್ಣದೊಂದು ವೈನ್ ಕಾರ್ಖಾನೆಯಲ್ಲಿ ನಾನು ಲ್ಯಾಬಿನ ಕೆಲಸದವಳು. ಮನೆ ತಿ. ನರಸೀಪುರ, ಅಲ್ಲಿ ಅಮ್ಮ ನೆಂಟರ ಮುಂದೆ ಇವತ್ತಿಗೂ ಈ ಕಾರ್ಖಾನೆಯನ್ನು ‘ಜ್ಯೂಸ್ ಫ್ಯಾಕ್ಟ್ರಿ’ ಅನ್ನುತ್ತಾರೆ. ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಒಂದೇ ವಿಷಯದ ಪರವಾಗಿ ಬೆಳಗ್ಗೆ, ವಿರೋಧವಾಗಿ ಮಧ್ಯಾಹ್ನ ಮಾತಾಡಿ ಎರಡನ್ನೂ ಗೆದ್ದವಳು. ಪುರಾವೆ ಇಲ್ಲದ ಮಾತನ್ನು ನಂಬುವುದಿಲ್ಲ ಎಂಬುದು ನನ್ನ ಹೆಮ್ಮೆಯಾಗಿತ್ತು. ನನ್ನ ಮಾತಿಗೇ ಪುರಾವೆ ಕೇಳಿಕೊಳ್ಳಬೇಕೆಂದು ಮಾತ್ರ ಹೊಳೆದಿರಲಿಲ್ಲ.

ಸಿದ್ದರಾಜಣ್ಣ ದೇವನೂರಿನವರು. ಟ್ಯಾಂಕು, ಪೈಪು ತೊಳೆಯುವುದು, ವೈನನ್ನು ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಹಾಯಿಸುವುದು ಅವರ ಕೆಲಸ. ನಾನು ಸೇರುವ ಹೊತ್ತಿಗೆ ಅವರು ಅಲ್ಲಿ ಏಳು ಸುಗ್ಗಿ ಕಂಡಿದ್ದರು.

ಸ್ವಲ್ಪ ಬಿಡಿಸಿ ಹೇಳಬೇಕು. ದ್ರಾಕ್ಷಿರಸದ ಸಕ್ಕರೆಯನ್ನು ಯೀಸ್ಟು ತಿಂದು ಮುಗಿಸಿದ ಮೇಲೂ ಕೆಂಪು ವೈನಿಗೆ ಇನ್ನೊಂದು ಹದ ಬಾಕಿ ಇರುತ್ತದೆ. ಅದರಲ್ಲಿ ಸೇಬಿನ ಕಾಯಿಯಂಥ ಚುರುಕು ಹುಳಿ ಉಳಿದಿರುತ್ತದೆ. ಅದನ್ನು ಮೊಸರಿನ ಹುಳಿಯಂತೆ ಮೆತ್ತಗೆ ಮಾಡುವುದು ಒಂದು ಜಾತಿಯ ಬ್ಯಾಕ್ಟೀರಿಯಾ. ಅದು ದುಡಿಯಬೇಕಾದ ಜಾಗವಾದರೂ ಎಂಥದ್ದು! ಸುತ್ತ ಆಲ್ಕೊಹಾಲು, ಹುಳಿ, ತಣ್ಣನೆಯ ಉಕ್ಕಿನ ಗೋಡೆ. ತಿನ್ನಲು ಯೀಸ್ಟು ಬಿಟ್ಟ ಎಂಜಲು. ಹೆಚ್ಚಿನ ಸೂಕ್ಷ್ಮಜೀವಿಗಳು ಅಲ್ಲಿ ಉಳಿಯುವುದೇ ಇಲ್ಲ.

ಈ ಬ್ಯಾಕ್ಟೀರಿಯಾ ಒಣಪುಡಿಯಾಗಿ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಆದರೆ ಸಿದ್ದರಾಜಣ್ಣನ ಬಳಿ ಬೇರೆಯೇ ಒಂದು ಏರ್ಪಾಡಿತ್ತು — ಹಾಲಿನ ಸ್ಟೀಲ್ ಕ್ಯಾನು. ಹಿಂದಿನ ಸುಗ್ಗಿಯಲ್ಲಿ ಚೆನ್ನಾಗಿ ಹದಕ್ಕೆ ಬಂದ ಟ್ಯಾಂಕಿನ ತಳದ ವೈನನ್ನು ಅದರಲ್ಲಿ ಕಂಠಮಟ್ಟ ತುಂಬಿ, ಮುಚ್ಚಳ ಬಿಗಿದು ಇಡುತ್ತಿದ್ದರು. ಹೊಸ ವೈನು ಬಂದಾಗ ಕ್ಯಾನಿನಿಂದ ಒಂದಿಷ್ಟು ತೆಗೆದು, ಅದೇ ಜಾಗಕ್ಕೆ ಹೊಸದನ್ನು ದಿನಕ್ಕೆ ಒಂದೆರಡು ಲೋಟ ಸೇರಿಸುತ್ತಾ ಹೋಗುವುದು. ವಾರ ಕಳೆದು ಕ್ಯಾನು ಗುಳ್ಳೆಯಾಡಿ ‘ಎದ್ದ’ ಮೇಲೆ ಟ್ಯಾಂಕಿಗೆ. ಅದನ್ನವರು ಹೆಪ್ಪು ಅನ್ನುತ್ತಿದ್ದರು.

ನನ್ನ ಮೊದಲ ಸುಗ್ಗಿಯಲ್ಲಿ ನಾನದನ್ನು ಕಂಡು ಬೆಚ್ಚಿದೆ. ಕಾರ್ಖಾನೆಯ ಯಜಮಾನರನ್ನು ಕರೆದೆ. ಎಲ್ಲರೆದುರೂ ಚರ್ಚೆ ಶುರುವಿಟ್ಟೆ.

“ಅಣ್ಣ, ಈ ಕ್ಯಾನಲ್ಲಿ ಯಾವ್ಯಾವ ಬ್ಯಾಕ್ಟೀರಿಯಾ ಇದೆ? ಒಂದರ ಹೆಸರು ಹೇಳಿ ನೋಡೋಣ.”

“ಎಸ್ರು ಗೊತ್ತಿಲ್ಲ ಮೇಡಮ್. ಬದುಕವೆ ಅಂತ ಗೊತ್ತು.”

“ಹೇಗೆ ಗೊತ್ತು?”

“ಕಿವಿ ಮಡಗಿ ಕೇಳಿ. ಸಣ್ಣಕೆ ಸೊರ್‍ ಅಂತವೆ.”

ನಾನು ನಕ್ಕೆ. ನಾನು ನಕ್ಕಿದ್ದರಿಂದ ಉಳಿದವರೂ ನಕ್ಕರು. “ಬ್ಯಾಕ್ಟೀರಿಯಾ ನಿಮ್ಮ ಹತ್ರ ಮಾತಾಡುತ್ತೆ ಅನ್ನಿ,” ಅಂದೆ. ಯಜಮಾನರು, “ಏನಪ್ಪಾ ಸಿದ್ದರಾಜು, ಏನಂತವೆ?” ಅಂದರು. ಸಿದ್ದರಾಜಣ್ಣನೂ ನಕ್ಕರು — ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. “ನೀವು ಓದಿರೋರು, ನೀವೇಳ್ದಂಗೇ ಆಗ್ಲಿ. ಪ್ಯಾಕೇಟು ಆಕಿದ್ರೂ ಒಂದೇ ಸಲ ಉಯ್ಬೇಡಿ ಮೇಡಮ್. ದಿನಾ ಒಂದೀಟು ಕುಡ್ಸಿ, ರೂಢಿ ಆಯ್ತದೆ. ಗಪ್ಪನೆ ಮುಳುಗ್ಸುದ್ರೆ ಸತ್ತೋಯ್ತವೆ.”

ಕ್ಯಾನು ಖಾಲಿ ಮಾಡಿ ಎಂದೆ. ಪ್ಯಾಕೆಟ್ ಒಡೆದು, ನೀರಲ್ಲಿ ಕದಡಿ, ಅವತ್ತೇ ಮೂರನೇ ಟ್ಯಾಂಕಿಗೆ ಸುರಿದೆ.

ಹತ್ತು ದಿನವಾಯಿತು. ಚುರುಕು ಹುಳಿ ಉಳಿದಿದೆಯೇ ಎಂದು ತೋರಿಸುವ ಪರೀಕ್ಷೆಯ ಕಾಗದದ ಮೇಲೆ ಹುಳಿಯ ಚುಕ್ಕೆ ಇದ್ದಲ್ಲೇ ಇತ್ತು. ಆಗ — ಹೌದು, ಆಗ — ಪ್ಯಾಕೆಟ್ಟಿನ ಹಿಂಬದಿ ಓದಿದೆ. ‘ಹಂತಹಂತವಾಗಿ ವೈನಿಗೆ ಒಗ್ಗಿಸಿದ ನಂತರವೇ ಬಳಸಿ.’ ಸಿದ್ದರಾಜಣ್ಣ ಲೋಟದ ಲೆಕ್ಕದಲ್ಲಿ ಹೇಳಿದ್ದನ್ನೇ ಪ್ಯಾಕೆಟ್ಟಿನವರು ಲೀಟರಿನಲ್ಲಿ ಬರೆದಿದ್ದರು.

ಇದರ ವಿಜ್ಞಾನ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದಿದ್ದೆ. ಆಲ್ಕೊಹಾಲು ಮೆಲ್ಲಗೆ ಏರಿದರೆ ಆ ಜೀವಕೋಶ ತನ್ನ ಹೊರಪೊರೆಯ ಕೊಬ್ಬನ್ನೇ ಬದಲಿಸಿಕೊಂಡು ಗಟ್ಟಿಯಾಗುತ್ತದೆ. ಒಳಗಿನ ಪ್ರೋಟೀನುಗಳು ಆಕಾರಗೆಡದಂತೆ ಹಿಡಿದುಕೊಳ್ಳುವ ಬೇರೆ ಪ್ರೋಟೀನುಗಳನ್ನು ಹುಟ್ಟಿಸಿಕೊಳ್ಳುತ್ತದೆ. ಒಳನುಗ್ಗುವ ಹುಳಿಯನ್ನು ಹೊರಗೆ ತಳ್ಳುತ್ತದೆ. ಇದಕ್ಕೆಲ್ಲ ಹೊತ್ತು ಬೇಕು. ಆ ಹೊತ್ತು ಕೊಡದಿದ್ದರೆ ಪೊರೆ ಸಡಿಲವಾಗಿ ಸಾಯುತ್ತದೆ. ಇಷ್ಟೆಲ್ಲ ಗೊತ್ತಿದ್ದವಳು ಅದನ್ನು ಒಂದೇ ಏಟಿಗೆ ಟ್ಯಾಂಕಿಗೆ ಸುರಿದೆ — ನಿಧಾನ ಮಾಡಿದರೆ ಸಿದ್ದರಾಜಣ್ಣನ ಮಾತು ಕೇಳಿದಂತಾಗುತ್ತಿತ್ತಲ್ಲ.

ಕ್ಯಾನನ್ನು ಅವರು ಖಾಲಿ ಮಾಡಿರಲಿಲ್ಲ. ಪೈಪುಗಳ ಹಿಂದೆ ಗೋಣಿಚೀಲ ಹೊದಿಸಿ ಇಟ್ಟಿದ್ದರು. ಅದು ನನ್ನ ಕಣ್ಣಿಗೆ ಬಿತ್ತು. ಒಂದು ಹನಿ ತಂದು ಮೈಕ್ರೋಸ್ಕೋಪಿನಡಿ ಇಟ್ಟೆ. ಮಣಿಸರದಂತೆ ಜೋಡಿ ಜೋಡಿ, ಸಾಲು ಸಾಲು. ಏಳು ಸುಗ್ಗಿಯ ಆಲ್ಕೊಹಾಲು, ಹುಳಿ, ಚಳಿ ತಡೆದುಕೊಂಡು ಬಂದ ಬಳಗ. ಯಾರಿಗೂ ಹೇಳದೆ ಅದನ್ನು ನಾಲ್ಕನೇ ಟ್ಯಾಂಕಿಗೆ ಬಳಸಿದೆ — ಅವರು ಹೇಳಿದ್ದ ರೀತಿಯಲ್ಲೇ, ದಿನಾ ಒಂದೀಟು. ಹದಿನೆಂಟು ದಿನದಲ್ಲಿ ಹುಳಿಯ ಚುಕ್ಕೆ ಮಾಯವಾಯಿತು. ಅಷ್ಟರಲ್ಲಿ, ಹದಕ್ಕೆ ಬಂತೇ ಎಂದು ನಾನು ದಿನಾ ಮುಚ್ಚಳ ತೆಗೆದು ನೋಡುತ್ತಿದ್ದ ಮೂರನೇ ಟ್ಯಾಂಕು ಗಾಳಿಗೆ ಸಿಕ್ಕಿ ವಿನೆಗರ್ ವಾಸನೆ ಹೊಡೆಯತೊಡಗಿತ್ತು.

ಯಜಮಾನರು ಬಂದು ಮೂಸಿ ನೋಡಿ ಕೇಳಿದರು: “ನಾಲ್ಕು ಇಷ್ಟು ಚೆನ್ನಾಗಿದೆ. ಮೂರಕ್ಕೇನಾಯ್ತು?”

ಆಗ ನಾನು ಹೇಳಿದ್ದು ಇಷ್ಟು: “ಸಿದ್ದರಾಜಣ್ಣನ ಕ್ಯಾನು ಇನ್ನೂ ಅಲ್ಲೇ ಇದೆ ಸರ್. ಖಾಲಿ ಮಾಡಿ ಅಂತ ಹೇಳಿದ್ದೆ. ಮೂರರ ಪೈಪು ತೊಳೆದಿದ್ದು ಅವರೇ.”

ಮೂರು ವಾಕ್ಯ. ಒಂದೂ ಸುಳ್ಳಲ್ಲ. ಪರೀಕ್ಷಿಸಿ ನೋಡಿ — ಯಾವ ತೀರ್ಪುಗಾರರೂ ಅದರಲ್ಲಿ ಸುಳ್ಳು ಹುಡುಕಲಾರರು. ಸತ್ಯಗಳನ್ನೇ ಆರಿಸಿ ಸಾಲಾಗಿ ನಿಲ್ಲಿಸಿ ಒಬ್ಬರ ಕಡೆ ಬೆರಳು ತೋರಿಸುವ ವಿದ್ಯೆ ನನಗೆ ಚೆನ್ನಾಗಿ ಬರುತ್ತಿತ್ತು.

ಯಜಮಾನರು ಸಿದ್ದರಾಜಣ್ಣನನ್ನು ಕರೆಸಿದರು. “ಯಾಕೆ ಖಾಲಿ ಮಾಡ್ಲಿಲ್ಲ?” “ಮನಸ್ಸು ಬರ್ನಿಲ್ಲ ಸಾ.” “ಪೈಪು ತೊಳೆದಿದ್ದು?” “ನಾನೇಯ.” ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಕೆಟ್ಟ ಬ್ಯಾಕ್ಟೀರಿಯಾ ಒಂದು ಹನಿಯಲ್ಲಿ ಎಷ್ಟಿರುತ್ತದೆ, ಬಟ್ಟೆಯಿಂದ, ಬೆರಳಿಂದ ಹೇಗೆ ಹರಡುತ್ತದೆ — ಎಲ್ಲ ಬಿಡಿಸಿ ಹೇಳಿದೆ. ಅವರು ಪಾಠ ಕೇಳುವವರ ಹಾಗೆ, ತಮ್ಮ ಅಂಗೈ ನೋಡಿಕೊಳ್ಳುತ್ತಾ ಕೇಳಿಸಿಕೊಂಡರು. ಅವರಿಗೆ ಸಿಟ್ಟು ಬರಲಿಲ್ಲ; ನನ್ನ ಮಾತು ಮನವರಿಕೆಯಾಗುತ್ತಿತ್ತು. ಅದು ನನಗೆ ಆಗ ಕಾಣಲಿಲ್ಲ — ಅಥವಾ ಕಂಡಿತ್ತೇ?

ಮರುದಿನದಿಂದ ಅವರು ಬರಲಿಲ್ಲ. ಯಜಮಾನರು ಬರಬೇಡ ಅಂದಿದ್ದರು.

ಕ್ಯಾನು ನನ್ನ ಲ್ಯಾಬಿಗೆ ಬಂತು. ನಾಲ್ಕು ಸುಗ್ಗಿಯಾಯಿತು, ಎಲ್ಲ ಟ್ಯಾಂಕಿಗೂ ಅದರದೇ ಹೆಪ್ಪು. ಅದಕ್ಕೊಂದು ನಂಬರ್ ಕೊಟ್ಟಿದ್ದೇನೆ. ಬಂದವರಿಗೆ ಯಜಮಾನರು “ಇದು ನಮ್ಮ ಮೇಡಮ್ ಬೆಳೆಸಿದ್ದು,” ಎಂದು ತೋರಿಸುತ್ತಾರೆ. ನಾನು ಪಕ್ಕದಲ್ಲೇ ನಿಂತಿರುತ್ತೇನೆ.

ಇನ್ನು ಆ ಬಸ್ ನಿಲ್ದಾಣ. ದೇವನೂರಿನ ಬಸ್ಸಿಳಿದು ಅವರೇ ಗುರುತು ಹಿಡಿದರು. “ಏನ್ ಮೇಡಮ್, ಸಣ್ಣಾಗೋಗಿದ್ದೀರಿ!” ಈಗೇನು ಮಾಡುತ್ತಿದ್ದೀರಿ ಎಂದು ಕೇಳಿದೆ. ಕವಲಂದೆ ಹತ್ತಿರ ಒಂದು ಇಟ್ಟಿಗೆ ಗೂಡಿನಲ್ಲಿ ಕಾವಲು. “ಡೇರೀಲಿ ಕರುದ್ರು, ನಾ ಓಗ್ನಿಲ್ಲ. ಆಲು ಮುಟ್ಟಕೆ ಭಯ ಮೇಡಮ್. ಮನೇಲೂ ಮೊಸ್ರಿಗೆ ಹೆಪ್ಪಾಕದು ಬುಟ್ಬುಟ್ಟೆ, ಸೊಸೆ ಆಕ್ತಳೆ. ನೀವ್ ಏಳುದ್ರಲ್ಲ ಅವತ್ತು — ಕೈಯಲ್ಲಿರ್ತದೆ ಅಂತ. ನನ್ ಕೈಲೇ ಅದೆ ಅದು.”

ನಾನು ಬ್ಯಾಗಿನಲ್ಲಿ ಚಿಲ್ಲರೆ ಹುಡುಕತೊಡಗಿದೆ.

“ನನ್ನಿಂದ ಒಂದು ಟ್ಯಾಂಕೇ ಕೆಟ್ಟೋಯ್ತು. ನಿಮ್ಗೂ ಮೊದ್ಲುನೇ ವರ್ಸವೇ ಕೆಟ್ಟೆಸ್ರು. ತಪ್ಪಾಯ್ತು ಮೇಡಮ್, ಮನ್ಸಲ್ಲಿ ಮಡಿಕೋಬ್ಯಾಡಿ.”

ಆಗಲೇ ನಾನಂದದ್ದು — ‘ಇರಲಿ ಬಿಡಿ ಅಣ್ಣ.’

ಕಷ್ಟಕ್ಕೆ ಸಿಕ್ಕ ಜೀವ ಹೇಗಾದರೂ ಉಳಿದುಕೊಳ್ಳಲು ನೋಡುತ್ತದೆ, ನಾನೂ ಹಾಗೆಯೇ ಒಗ್ಗಿಕೊಂಡೆ ಎಂದು ಇಲ್ಲೊಂದು ಹೋಲಿಕೆ ಕಟ್ಟಬಹುದು. ಚೆನ್ನಾಗಿಯೂ ಕಟ್ಟಬಲ್ಲೆ. ಕಟ್ಟುವುದಿಲ್ಲ. ಬ್ಯಾಕ್ಟೀರಿಯಾ ಯಾರ ಕೆಲಸವನ್ನೂ ಕಳೆಯಲಿಲ್ಲ. ಯಾರಿಗೂ ತಮ್ಮ ಕೈಯ ಮೇಲೆಯೇ ಅಸಹ್ಯ ಹುಟ್ಟಿಸಲಿಲ್ಲ.

ನಿನ್ನೆ ಯಜಮಾನರಿಗೆ ಎಲ್ಲ ಹೇಳಿದೆ. ಅವರು, “ನಾಲ್ಕು ವರ್ಷ ಆಯ್ತಲ್ಲಮ್ಮ, ಈಗ್ಯಾಕೆ ಕೆದಕೋದು?” ಅಂದರು. ಅಷ್ಟೆ. ಅಷ್ಟು ಸುಲಭವಾಗಿತ್ತು. ಅದನ್ನೇ ಕಾಗದದಲ್ಲಿ ಬರೆದು ಸಹಿ ಮಾಡಿ ಅವರ ಮೇಜಿನ ಮೇಲಿಟ್ಟು ಬಂದೆ: ಮೂರನೇ ಟ್ಯಾಂಕು ಕೆಡಿಸಿದವಳು ನಾನು, ಈ ಹೆಪ್ಪು ಸಿದ್ದರಾಜು ಅವರದು. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಅದು ಇಲ್ಲಿಯ ಪ್ರಶ್ನೆಯಲ್ಲ.

ಭಾನುವಾರ ದೇವನೂರಿಗೆ ಹೋಗುತ್ತೇನೆ. ಏನು ಹೇಳಬೇಕೆಂದು ಮತ್ತೆ ಮತ್ತೆ ಬರೆದು ಹೊಡೆದುಹಾಕಿದ್ದೇನೆ. ‘ಆಗ ಚಿಕ್ಕವಳಿದ್ದೆ’ ಎಂಬುದನ್ನು ಹೊಡೆದೆ. ‘ಭಯವಾಗಿತ್ತು’ ಎಂಬುದನ್ನೂ. ಉಳಿದದ್ದು ಇಷ್ಟು: “ಅಣ್ಣ, ನಿಮ್ಮ ಕೈಯಲ್ಲಿ ಏನೂ ಇರಲಿಲ್ಲ. ಟ್ಯಾಂಕು ಕೆಡಿಸಿದ್ದು ನಾನು. ಅದು ನನಗೆ ಅವತ್ತೇ ಗೊತ್ತಿತ್ತು.”

ಆಮೇಲೆ ಅವರು ಮಾತಾಡುತ್ತಾರೆ — ಬೈಯಬಹುದು, ಬಾಗಿಲು ಹಾಕಿಕೊಳ್ಳಬಹುದು, ಸೊಸೆಯನ್ನು ಕರೆದು ಇವಳನ್ನು ನೋಡು ಎನ್ನಬಹುದು. ಏನೇ ಅಂದರೂ ನಾನು ಎದುರುತ್ತರ ಕೊಡುವುದಿಲ್ಲ.