ಮಧ್ಯಾಹ್ನ ಎರಡರ ಪರೀಕ್ಷೆ

ಮುನ್ನೂರು ಮೆಗಾಹರ್ಟ್ಸ್ ವೇಗದ ಹನ್ನೊಂದು ಕಂಪ್ಯೂಟರ್‌ಗಳನ್ನು ನಾನೂರೈವತ್ತರವು ಎಂದು ಹೇಳಿ ಬೈಲಹೊಂಗಲ ತಾಲೂಕಿನ ಮನೆಗಳಿಗೆ ಮಾರಲಾಗಿದೆ.

ಅವುಗಳಲ್ಲೊಂದು ಈಗ ಶರೀಫಾಬಿಯ ಮುಂದೆ ಹೊಟ್ಟೆ ಬಿಚ್ಚಿಕೊಂಡು ಕುಳಿತಿದೆ. ೨೦೦೦ದ ಏಪ್ರಿಲ್, ಬೆಳಗಿನ ಆರೂವರೆ. ಹಿಟ್ಟಿನ ಗಿರಣಿಗೆ ಅಂಟಿಕೊಂಡ ತಗಡಿನ ಅಂಗಡಿ. ದೊಡವಾಡದ ಮೀನಾ ಮೊದಲ ಬಸ್ಸಿಗೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದಾರೆ. ಮನೆಯಲ್ಲೇ ಲಗ್ನಪತ್ರಿಕೆ ಟೈಪು ಮಾಡಿಕೊಡುವ ಅವರ ಯಂತ್ರ ದಿನಾ ಊಟದ ಹೊತ್ತಿಗೆ ನಿಂತುಬಿಡುತ್ತದೆ.

"ಮದಮಗನ ಹೆಸರು ಬರೂದ್ರಾಗ ಪರದೆ ನೀಲಿ ಆಕ್ಕೈತ್ರಿ ಅಕ್ಕಾರ. ಮದಿವಿ ಸೀಜನ್ ಹಿಂಗ ಹೋದ್ರ ನಾ ಈ ಧಂದೆ ಬಿಡೂದ."

ಶರೀಫಾಬಿ ಹನ್ನೆರಡು ವರ್ಷ ಗಂಡ ಇಸ್ಮಾಯಿಲಸಾಬರ ಜೊತೆ ಪಂಪ್‌ಸೆಟ್ಟಿನ ಮೋಟರಿಗೆ ತಂತಿ ಸುತ್ತಿದವರು. ಗಂಡನ ಕಣ್ಣು ಮಂಜಾದ ಮೇಲೆ ಗುಜರಿ ಕಂಪ್ಯೂಟರ್ ಬಿಚ್ಚಿ ಬಿಚ್ಚಿಯೇ ಈ ಕೆಲಸ ಕಲಿತರು. ದಿನಕ್ಕೆ ಮೂರು ಯಂತ್ರ ಬಂದರೆ ಎರಡು ವ್ಯಾಪಾರಿ ಗಂಗಪ್ಪನವು. ಇಸ್ತ್ರಿ ಅಂಗಿಯ ಗಂಗಪ್ಪನನ್ನು ಇಂಜಿನಿಯರ್ ಎನ್ನುವ ಊರು ಇವರನ್ನು ಕರೆಯುವುದು 'ರಿಪೇರಿ ಬೀ' ಎಂದು.

ಫ್ಯಾನ್ ತೆಗೆಯುತ್ತಾರೆ. ಕೆಳಗಿನ ಚಿಪ್‌ನ ಮೇಲಿರಬೇಕಾದ ವೇಗದ ನಂಬರನ್ನು ಯಾರೋ ಕೆರೆದಿದ್ದಾರೆ. ಬೋರ್ಡಿನ ಮೇಲೆ ವೇಗ ನಿಗದಿ ಮಾಡುವ ಪುಟ್ಟ ಜಂಪರನ್ನು ಅದರ ಮೂಲ ಜಾಗಕ್ಕೆ ಹಾಕಿ, ಫ್ಯಾನ್ ಮತ್ತೆ ಕೂರಿಸಿ ಚಾಲು ಮಾಡಿದರೆ ಪರದೆಯ ಮೇಲೆ ಮುನ್ನೂರು ಎಂದು ಬರುತ್ತದೆ. ಶರೀಫಾಬಿ ಸ್ಕ್ರೂಡ್ರೈವರ್ ಕೆಳಗಿಡುತ್ತಾರೆ.

"ಇದನ್ನ ಏರಿಸಿದಾಕಿ ನಾನರಿ ಬಾಯಾರ. ಬೋರ್ಡಿನವ್ರು ಜಂಪರ್ ತಪ್ಪಿಟ್ಟ ಕಳಿಸ್ಯಾರ, ನೀ ಸರಿ ಮಾಡು ಅಂದ್ರು ಗಂಗಪ್ಪನೋರು. ಮುಂಜಾನಿ ತಂಪಿತ್ತು, ಗಿರಣಿ ಚಾಲು ಆಗಿರಲಿಲ್ಲ, ಕರೆಂಟ್ ಪೂರಾ ಇತ್ತು. ಓಡಿತು, ಕಳಿಸಿದೆ. ಹನ್ನೊಂದೂ."

"ಹಂಗಾರ ವೇಗ ಏರಿಸಾಕ ಬರೂದ ಇಲ್ಲೇನ್ರಿ?" ಮೀನಾ ಮುಂದೆ ಬಗ್ಗುತ್ತಾರೆ.

"ಬರತೈತ್ರಿ. ಗೊತ್ತಿದ್ದು ಏರಿಸೂದ ಬ್ಯಾರೆ, ಮೋಸದಿಂದ ಏರಿಸೂದ ಬ್ಯಾರೆ. ಮೊದಲ ಟೈಪ್ ಮಾಡಿದ್ದೆಲ್ಲಾ ಫ್ಲಾಪಿಗೆ ಇಳಿಸ್ಕೋರಿ. ಒಂದ ಸಲಕ್ಕ ಒಂದ ಮೆಟ್ಟಲ. ವೋಲ್ಟೇಜಿಗಂತೂ ಕೈ ಹಚ್ಚಬ್ಯಾಡ್ರಿ. ಮೋಟರ್ ಇರಲಿ, ಚಿಪ್ ಇರಲಿ, ಕಾವು ಬಂದ್ರ ಸುಡೂದ."

ಯಂತ್ರವನ್ನು ಬೆಳಗಿನ ತಂಪಿನಲ್ಲಿ ಪಾಸು ಮಾಡುವುದನ್ನು ಶರೀಫಾಬಿ ಇವತ್ತಿನಿಂದ ಬಿಟ್ಟಿದ್ದಾರೆ. ಮೀನಾ ಮಧ್ಯಾಹ್ನ ಎರಡರವರೆಗೂ ಕೂರಬೇಕು. ತಗಡು ಕಾಯುತ್ತದೆ, ಗಿರಣಿ ಗುಡುಗುತ್ತದೆ, ಬಲ್ಬು ಮಂಕಾಗುತ್ತದೆ. ಒಂದು ಮೆಟ್ಟಿಲು ಏರಿಸಿ ಮುನ್ನೂರ ಮೂವತ್ತೇಳರಲ್ಲಿ ಇಟ್ಟ ಯಂತ್ರ ಒಂದೂವರೆ ತಾಸು ಬಿಡದೆ ಓಡುತ್ತದೆ. ಇನ್ನೊಂದು ಮೆಟ್ಟಿಲು ಏರಿಸಿದಾಗ ಹತ್ತೇ ನಿಮಿಷಕ್ಕೆ ನಿಲ್ಲುತ್ತದೆ. ಶರೀಫಾಬಿ ಜಂಪರನ್ನು ಒಂದು ಮೆಟ್ಟಿಲು ಇಳಿಸುತ್ತಾರೆ.

"ಇದರ ತಾಕತ್ತು ಇಷ್ಟರಿ. ಇಷ್ಟಕ್ಕ ಬಿಡ್ರಿ. ಉಳಿದ ಹತ್ತೂ ಮನಿಗೆ ನಾನ ಹೋಗಿ ಹೇಳಿ ಬರತೇನಿ."

ಅಷ್ಟರಲ್ಲಿ ಗಂಗಪ್ಪ ಹೊಸ ಎಂಟು ಪೆಟ್ಟಿಗೆ ಹೇರಿದ ಟೆಂಪೋದಿಂದ ಇಳಿಯುತ್ತಾನೆ. ತೆರೆದ ಪೆಟ್ಟಿಗೆ ನೋಡುತ್ತಾನೆ, ಮೀನಾರನ್ನೂ ನೋಡುತ್ತಾನೆ.

"ಏನ ಶರೀಫಾಬಿ, ಗಿರಾಕಿಗೆ ಕಲಸಾಕ ಸಾಲಿ ತಗದೀಯೇನ? ಇವನ್ನೂ ನಾನೂರೈವತ್ತಕ್ಕ ಇಡು. ಸಂಜೀಕ ಮುರಗೋಡಕ್ಕ ಹೋಗಬೇಕು."

"ಇಡೂದಿಲ್ರಿ."

"ನಾಳಿಯಿಂದ ನನ್ನ ಒಂದ ಕೆಲಸಾನೂ ಈ ಅಂಗಡಿಗೆ ಬರೂದಿಲ್ಲ. ನೋಡು ಮತ್ತ."

"ಬ್ಯಾಡ್ರಿ," ಎನ್ನುತ್ತಾರೆ ಶರೀಫಾಬಿ, ಮೀನಾರ ಪೆಟ್ಟಿಗೆಯ ಕೊನೆಯ ಸ್ಕ್ರೂ ತಿರುವುತ್ತಾ. "ಆ ಎಂಟೂ ಟೆಂಪೋದಿಂದ ಇಳಿಸಬ್ಯಾಡ್ರಿ."