ಹೊಳೆ ನೋಡುವ ಕೆಲಸ

ಬೆಳಕು ಹರಿಯುವ ಮೊದಲು ಇಂದ್ರವ್ವನ ಕೆಲಸಗಳು ಇವು: ಅಂಗಳ ಗುಡಿಸಿ ನೀರು ಹೊಡೆಯುವುದು, ಎಮ್ಮೆಯ ಸಗಣಿ ಬಳಿದು ಹಾಲು ಹಿಂಡುವುದು, ನಳಕ್ಕೆ ಕೊಡ ಹಚ್ಚುವುದು, ರೊಟ್ಟಿ ಬಡಿಯುವುದು, ಪಲ್ಯಕ್ಕೆ ಒಗ್ಗರಣೆ ಕೊಡುವುದು. ನಡುವೆ ಹೊರಸಿನ ಮೇಲೆ ಮಲಗಿದ ಗಂಡ ಯಮನಪ್ಪ ಕೆಮ್ಮಿದನೆಂದರೆ ಚಹಾ. ಅದು ರೋಗದ ಕೆಮ್ಮಲ್ಲ, ಕರೆಯುವ ಕೆಮ್ಮು. ಮದುವೆಯಾದಂದಿನಿಂದ ಚಹಾದ ಬಟ್ಟಲು ಹೊರಸಿನ ಬಳಿಗೆ ತಪ್ಪದೆ ನಡೆದು ಬಂದಿದೆ. ಇದೆಲ್ಲ ಮುಗಿದ ಮೇಲೆ ಆಕೆ ಊರ ಸರಕಾರಿ ಶಾಲೆಗೆ ಬಿಸಿಯೂಟ ಮಾಡಲು ಹೋಗುತ್ತಾಳೆ. ಅದೊಂದಕ್ಕೆ ಮಾತ್ರ ಜನ ಕೆಲಸ ಅನ್ನುತ್ತಾರೆ.

ಬಾದಾಮಿ ತಾಲೂಕಿನ ಈ ಊರೊಳಗೆ ಶ್ರಾವಣದಲ್ಲಿ ಮಲಪ್ರಭೆ ಹೊಕ್ಕಾಗ ಶಾಲೆಯೇ ಗಂಜಿ ಕೇಂದ್ರವಾಗಿತ್ತು. ನೀರು ಇಳಿಯಿತು, ಮಂದಿ ತಮ್ಮ ಮನೆಯ ಕೆಸರು ಬಳಿಯಲು ಹೊರಟರು, ಶಾಲೆ ಮತ್ತೆ ತೆರೆಯಿತು. ಮೂರನೆಯ ಇಯತ್ತೆಯ ಕಸ್ತೂರಿ ಮಾತ್ರ ವರ್ಗದೊಳಗೆ ಕಾಲಿಡಲೊಲ್ಲಳು. ಕೈ ಹಿಡಿದು ಎಳೆದರೆ ಅತ್ತಳು. ಪಾಟೀಚೀಲ ಅವುಚಿಕೊಂಡು ಅಡುಗೆಕೋಣೆಯ ಬಾಗಿಲಲ್ಲಿ ಬಂದು ನಿಂತಳು.

ಸುಮ್ಮನೆ ನಿಂತ ಹುಡುಗಿಗೆ ಇಂದ್ರವ್ವ ಬಳ್ಳೊಳ್ಳಿ ಸುಲಿಯಲು ಕೊಟ್ಟಳು. ಮರುದಿನ ಬ್ಯಾಳಿ ಹಸನು ಮಾಡಲು. ಜೊತೆಗೆ ಅಡುಗೆ ಮಾಡುವ ಲಾಡಬಿ ಮಗಳ ಬಾಣಂತನಕ್ಕೆಂದು ಇಳಕಲ್ಲಿಗೆ ಹೋಗಿದ್ದಳು. ಇಂದ್ರವ್ವನಿಗೂ ಕೈ ಸಾಲುತ್ತಿರಲಿಲ್ಲ.

"ಇರ್ಲಿ ಬಿಡ್ರಿ ಇಂದ್ರವ್ವ," ಅಂದರು ಮೂರನೆಯ ಇಯತ್ತೆಗೆ ಕಲಿಸುವ ಪದ್ಮಜಾ ಅಕ್ಕೋರು. "ನಿಮಗೂ ಒಂದು ಕೈ ಆಸರಾತು. ಅಳೋದರ ನಿಂತದಲ್ಲ."

ಅಳು ನಿಂತದ್ದು ಖರೆ. ಆದರೆ ವಾರ ಕಳೆಯುವಷ್ಟರಲ್ಲಿ ಹುಡುಗಿ ಬಳ್ಳೊಳ್ಳಿ ಸುಲಿಯುವ ಅಚ್ಚುಕಟ್ಟು ಕಂಡು ಇಂದ್ರವ್ವನಿಗೆ ತನ್ನ ಶಾಲೆ ಬಿಟ್ಟ ದಿನ ನೆನಪಾಯಿತು. ತಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅವ್ವ ಹಡೆದಿದ್ದಳು. "ನಾಕ ದಿನ ಮನ್ಯಾಗಿರು" ಅಂದಿದ್ದರು. ಆ ನಾಕು ದಿನ ಇನ್ನೂ ಮುಗಿದಿಲ್ಲ.

ಅಂದು ಗಮನವಿಟ್ಟು ನೋಡಿದಳು. ಹುಡುಗಿಯ ಕೈ ಬಳ್ಳೊಳ್ಳಿಯ ಮೇಲೆ, ಕಣ್ಣು ಬಾಗಿಲಾಚೆ.

"ಏನ್ ನೋಡಾಕತ್ತೀ ಯವ್ವಾ?"

"ಹೊಳಿ."

"ಅದೆಲ್ಲಿ ಓಡಿ ಹೋಗ್ತೈತಿ? ಅಲ್ಲೇ ಐತಿ."

"ಅವತ್ತೂ ಅಲ್ಲೇ ಇತ್ತು, ದೊಡ್ಡವ್ವ. ನೀರ ಬರಂಗಿಲ್ಲ, ಮಲಗ್ರಿ ಅಂದ್ರು. ಎಲ್ಲಾರೂ ಮಲಗಿದ್ರು, ಯಾರೂ ನೋಡಲಿಲ್ಲ." ಇನ್ನೊಂದು ಎಸಳು ಸುಲಿದು, "ನಮ್ಮ ವರ್ಗದ ಕಿಡಕಿ ರೋಡಿನ ಕಡೆ ಐತಿ" ಅಂದಳು.

ಇಂದ್ರವ್ವ ಒಲೆಯ ಉರಿ ಸಣ್ಣ ಮಾಡಿ ಅವಳ ಮುಂದೆ ಕೂತಳು.

"ಹಂಗಾರ ಹೊಳಿ ನೋಡೂದು ನನ್ನ ಕೆಲಸ. ನೀರ ಏರಿದ್ರ ಸೌಟಿಲೆ ಗಂಗಾಳ ಬಾರಸ್ತೇನಿ. ಸಪ್ಪಳ ಬರಲಿಲ್ಲಂದ್ರ ನೀ ಬರಕೋಂತ ಕುಂದ್ರು."

"ನೀ ಸಾಲಿಗೆ ಬರೂಕಿಂತ ಮೊದ್ಲ ನೀರ ಬಂದ್ರ?"

"ಆವಾಗೂ ನಾನೇ ನೋಡ್ತೇನಿ."

"ಸೇತುವಿ ಕಂಬದ ಮ್ಯಾಲ ಬಿಳೇ ಪಟ್ಟಿ ಐತಿ. ಅದು ಕಾಣ್ತೈತೋ ಇಲ್ಲೋ ನೋಡಬೇಕು. ನಾ ದಿನಾ ಕೇಳಾಕಿ."

"ಕೇಳು. ಸಾಲಿ ತಪಾಸ ಮಾಡೂ ಸಾಹೇಬ್ರಕಿಂತ ಜೋರದಿ."

ಹುಡುಗಿ ಕೈ ಒರೆಸಿಕೊಂಡು ಎದ್ದಳು. ವರ್ಗದ ಬಾಗಿಲ ಪಕ್ಕದಲ್ಲೇ ಕೂತಳು. ಒಮ್ಮೆ ಹೊರಗೆ ಬಂದು ಇಂದ್ರವ್ವ ಹೊಳೆಯ ಕಡೆಗೇ ಮುಖ ಮಾಡಿ ಕೂತಿದ್ದಾಳೆಂದು ಖಾತ್ರಿ ಮಾಡಿಕೊಂಡು ಹೋದಳು. ಬಳ್ಳೊಳ್ಳಿಯ ಬುಟ್ಟಿ ಅರ್ಧಕ್ಕೇ ಉಳಿಯಿತು, ಊಟ ತಡವಾಯಿತು.

ಪದ್ಮಜಾ ಅಕ್ಕೋರಿಗೆ ಸಮಾಧಾನವಾಯಿತು. "ಮುಂಜಾನೆ ಸೇತುವಿ ತನಕ ಅಷ್ಟು ದೂರ ಯಾಕ ಹೋಗ್ತೀರಿ? ನೋಡಿಬಂದೇನಿ ಅಂದ್ಬಿಡ್ರಿ. ಹುಡುಗಿಗೇನು ಗೊತ್ತಾಗ್ತದ?"

"ಅವತ್ತ ಮಲಗ್ರಿ ಅಂದಾವ್ರೂ ನೋಡದನ ಹೇಳಿದ್ರಲ್ರೀ," ಅಂದಳು ಇಂದ್ರವ್ವ.

ಮರುದಿನ ನಸುಕಿನಲ್ಲಿ ಆಕೆ ಕೆಲಸಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿ ನೋಡಿದಳು. ಸೇತುವೆಗೆ ಹೋಗಿ ಬರಲು ಹೊತ್ತು ಬೇಕು, ಒಂದನ್ನು ಬಿಡಬೇಕು. ಎಮ್ಮೆ ಕಾಯುವುದಿಲ್ಲ. ನಳದ ನೀರು ಕಾಯುವುದಿಲ್ಲ. ರೊಟ್ಟಿ ಇಲ್ಲದಿದ್ದರೆ ಅವಳಿಗೂ ಊಟವಿಲ್ಲ.

ಹೊರಸಿನ ಮೇಲೆ ಯಮನಪ್ಪ ಕೆಮ್ಮಿದ.

"ಚಹಾಪುಡಿ, ಸಕ್ರಿ ಗ್ವಾಡಿ ಮಾಡದಾಗ ಅದಾವು. ಹಾಲು ಒಲಿ ಬಾಜೂಕ ಐತಿ," ಅಂದಳು ಇಂದ್ರವ್ವ.

ಅವನು ಇನ್ನೊಮ್ಮೆ ಕೆಮ್ಮಿದ, ಮೊದಲನೆಯದು ಕೇಳಿಸಲಿಲ್ಲವೇನೋ ಎಂಬಂತೆ. ಆಕೆ ತಲೆಗೆ ಸೆರಗು ಹೊದ್ದು, ಬಾಗಿಲು ಮುಂದಕ್ಕೆಳೆದು, ಹೊಳೆಯ ದಾರಿ ಹಿಡಿದಳು.